ಗೆದ್ದಾಗ ಗುಲಾಲು, ಕುಂಟಿದಾಗ ಸಂತಿ

ಜಾತ್ರಿ ದಿನಗಳು ಬಂದವೆಂದರೆ ಗಲಗಲಿ ಹಾದಿಯ ಬಸ್ಸುಗಳ ವೇಳೆ ತಪ್ಪುತ್ತದೆ. ವಿಜಯಪುರದಿಂದ ಬಬಲೇಶ್ವರ ಮೇಲೆ ಬಂದು ಕೃಷ್ಣಾ ಹೊಳೆ ದಾಟಿ ಮುಧೋಳಕ್ಕೆ ಹೋಗುವ ಬಸ್ಸಿರಲಿ, ಜಮಖಂಡಿಯಿಂದ ಬರುವ ಬಸ್ಸಿರಲಿ, ಯಾವುದೋ ಊರಿನ ಹೊರಗೆ ಗಪ್ಪನೆ ನಿಂತುಬಿಡುತ್ತದೆ. ಮುಂದೆ ಕಬ್ಬಿನ ಟ್ರ್ಯಾಕ್ಟರು, ಅದರ ಮುಂದೆ ಟಂಟಂ, ಅದರ ಮುಂದೆ ಜನವೋ ಜನ.

"ಯಾಕ ನಿಂತತೋ ತಮ್ಮಾ?" ಎಂದು ಚೀಲ ಹಿಡಿದ ಮುದುಕಪ್ಪ ಕೇಳಿದರೆ ಕಂಡಕ್ಟರು ನಕ್ಕು, "ಕುದರಿ ಬಿಟ್ಟಾರ್ರೀ ಕಾಕಾ, ಹತ್ತ ಮಿನಿಟು ತಡೀರಿ" ಅನ್ನುತ್ತಾನೆ. ಸಂತೆಗೆ ತಡವಾಯಿತೆಂದು ಗೊಣಗಬೇಕಾದ ಮುದುಕಪ್ಪ ಗೊಣಗುವುದಿಲ್ಲ. "ಯಾವೂರ ಕುದರಿ?" ಅಂತ ಕೇಳುತ್ತಾನೆ. ಅದಕ್ಕೆ ಉತ್ತರ ಬರುವುದು ಹಿಂದಿನ ಸೀಟಿನ ಕಾಲೇಜು ಹುಡುಗನಿಂದ. ಕುದುರೆಯ ಹೆಸರು, ಮಾಲಕನ ಊರು, ಹೋದ ವಾರ ಎಲ್ಲಿ ಗೆದ್ದಿತು, ಅದರ ಹಿಂದಿನ ವಾರ ಯಾಕೆ ಎರಡನೇ ನಂಬರಿಗೆ ಇಳಿಯಿತು, ಎಲ್ಲ ಅವನ ನಾಲಿಗೆ ತುದಿಯಲ್ಲಿ ಇರುತ್ತದೆ. ಪರೀಕ್ಷೆಯ ವೇಳಾಪಟ್ಟಿ ಕೇಳಿದರೆ ಅಷ್ಟು ಸರಾಗವಾಗಿ ಬಾರದು, ಆ ಮಾತು ಬೇರೆ.

ಕಿಡಕಿಗಳಿಂದ ತಲೆಗಳು ಹೊರಗೆ ಬರುತ್ತವೆ. ಧೂಳು ಏಳುತ್ತದೆ. ಎರಡು ಗಾಡಿಗಳು ಕಣ್ಣು ಮುಚ್ಚಿ ತೆರೆಯುವುದರಲ್ಲಿ ಹಾದು ಹೋಗುತ್ತವೆ. ಅವುಗಳ ಬೆನ್ನಿಗೆ ಹಾರ್ನು ಒತ್ತುತ್ತ, ಸಿಳ್ಳು ಹೊಡೆಯುತ್ತ ಮೋಟರ್ ಸೈಕಲ್ಲುಗಳ ದಂಡು. ಬಸ್ಸು ಮತ್ತೆ ಹೊರಡುತ್ತದೆ. ಮುಂದಿನ ನಾಲ್ಕು ಸ್ಟಾಪಿನ ತನಕ ಬಸ್ಸಿನಲ್ಲಿ ಅದೇ ಸುದ್ದಿ.

ಇದನ್ನು ಹುಚ್ಚು ಎಂದು ನಗುವವರು ಹೊರಗಿನವರು. ಕೃಷ್ಣಾ ಮತ್ತು ಘಟಪ್ರಭಾ ಹೊಳೆಗಳ ನಡುವಿನ ಈ ಸೀಮೆಗೆ ಓಡುವ ಪ್ರಾಣಿಯೆಂದರೆ ಮೊದಲಿನಿಂದಲೂ ಜೀವ. ಮುಧೋಳದ ಘೋರ್ಪಡೆ ಅರಸರು ಸಾಕಿ ಹೆಸರು ತಂದ ಬೇಟೆ ನಾಯಿ 2005ರಲ್ಲಿ ಭಾರತ ಸರ್ಕಾರದ ಅಂಚೆ ಚೀಟಿಯ ಮೇಲೆ ಬಂದು ಕುಳಿತಿತು. ಮೊಲದ ಬೆನ್ನು ಹತ್ತುವುದಕ್ಕೇ ಹುಟ್ಟಿದಂಥ ಮೈ ಅದರದು. ಎರಿ ಹೊಲದ ಜಿಗಟು ಮಣ್ಣಿನಲ್ಲಿ ನೇಗಿಲು ಎಳೆಯಲು ಬಲವಾದ ಎತ್ತು ಬೇಕೆಂದು ಪಟವರ್ಧನ ಸಂಸ್ಥಾನಿಕರ ಕಾಲದಲ್ಲಿ, 19ನೇ ಶತಮಾನದ ಕೊನೆಯಲ್ಲಿ, ಬೆಳೆಸಿದ್ದು ಕೃಷ್ಣಾ ತಳಿ. ಬಲಕ್ಕೆ ಕೃಷ್ಣಾ, ಓಟಕ್ಕೆ ಖಿಲಾರಿ ಎಂದು ಹಿರಿಯರು ಲೆಕ್ಕ ಹಾಕುತ್ತಿದ್ದರು. ಕಾರ ಹುಣ್ಣಿಮೆಯ ದಿನ ಎತ್ತು ಓಡಿಸಿ ಕರಿ ಹರಿಯುವುದು ಇಂದಿಗೂ ಇದೆ. ಬಿಳಿ ಎತ್ತು ಮುಂದೆ ಬಂದರೆ ಹಿಂಗಾರಿ ಚಲೋ, ಕೆಂದೆತ್ತು ಬಂದರೆ ಮುಂಗಾರಿ ಚಲೋ. ಮಳೆರಾಯ ಈ ಲೆಕ್ಕ ಕೇಳುತ್ತಾನೋ ಇಲ್ಲವೋ, ಎತ್ತಂತೂ ವರ್ಷಕ್ಕೆ ಒಂದು ದಿನ ಓಡಿ, ಕೊಂಬಿಗೆ ಬಣ್ಣ ಹಚ್ಚಿಸಿಕೊಂಡು, ಹೋಳಿಗೆ ತಿಂದು ಮನೆಗೆ ಹೋಗುತ್ತಿತ್ತು. ಮರುದಿನ ಮತ್ತೆ ಹೊಲ.

ಈಗಿನ ಶರ್ಯತ್ತಿನ ಜಾತಿಯೇ ಬೇರೆ. ಒಂದು ಕುದುರೆ ಗಾಡಿ, ಜೋಡು ಕುದುರೆ ಗಾಡಿ, ಜೋಡೆತ್ತಿನ ಗಾಡಿ, ಒಂದು ಎತ್ತು ಒಂದು ಕುದುರೆ ಕಟ್ಟಿದ ಗಾಡಿ, ಗಾಲಿ ತಿರುಗದಂತೆ ಬಿಗಿದು ನಿಮಿಷದ ಲೆಕ್ಕದಲ್ಲಿ ಎಳೆಸುವ ತೆರಬಂಡಿ. ಕರಪತ್ರದಲ್ಲಿ ಬಹುಮಾನದ ಪಟ್ಟಿಯೇ ಅರ್ಧ ಹಾಳೆ. ಗಡಿಯಾಚೆ ಸಾಂಗ್ಲಿ ಜಿಲ್ಲೆಯ ಭಾಳವಣಿಯಲ್ಲಿ 2023ರಲ್ಲಿ ಥಾರ್ ಜೀಪನ್ನೇ ಬಹುಮಾನಕ್ಕೆ ಇಟ್ಟಿದ್ದರು. ಮಹಾರಾಷ್ಟ್ರದ 'ಬಕಾಸುರ' ಎಂಬ ಎತ್ತಿನ ಹೆಸರು ರಬಕವಿ-ಬನಹಟ್ಟಿಯ ಹುಡುಗರಿಗೂ ಗೊತ್ತು. ಹಾವೇರಿ ಕಡೆ ದೀಪಾವಳಿಯ ಕೊಬ್ಬರಿ ಹೋರಿಗಳಿಗೆ ಸಿನೆಮಾ ನಟರಿಗೆ ಇದ್ದ ಹಾಗೆ ಅಭಿಮಾನಿ ಬಳಗಗಳಿವೆ. ಹೋರಿಯ ಚಿತ್ರ ಅಚ್ಚು ಹಾಕಿದ ಟೀ ಶರ್ಟು, ಬ್ಯಾನರು, ಬಲೂನು, ಬ್ಯಾಂಡು. ಹೆಸರಾದ ಹೋರಿ ಸತ್ತರೆ ಮೆರವಣಿಗೆ ತೆಗೆದು, ಹೂವು ಹಾಕಿ ಮಣ್ಣು ಮಾಡುತ್ತಾರೆ, ಗಂಡಸರು ಬಾಯಿ ಬಿಟ್ಟು ಅಳುತ್ತಾರೆ. ಆ ಅಳು ಸುಳ್ಳಲ್ಲ. ಹತ್ತು ವರ್ಷ ಮನೆಯ ಮಗನಂತೆ ಸಾಕಿದ ಜೀವ ಅದು.

ಮಾತು ಇರುವುದು ಇಲ್ಲಿಯೇ. ಸತ್ತಾಗ ಅಳುವ ಅಭಿಮಾನಿಗಳಿದ್ದಾರೆ, ಗೆದ್ದಾಗ ಗುಲಾಲು ಎರಚುವವರಂತೂ ಊರು ತುಂಬ ಇದ್ದಾರೆ. ಗೆಲುವಿಗೂ ಸಾವಿಗೂ ನಡುವೆ ಆ ಪ್ರಾಣಿಗೆ ಒಂದು ಕಾಲ ಬರುತ್ತದೆ. ಕಾಲು ಸೋಲುವ ಕಾಲ. ಆಗ ಯಾರಿರುತ್ತಾರೆ?

ಕಟ್ಟೆಯ ಮೇಲೆ ಕುಳಿತು ಯಾರನ್ನು ಕೇಳಿದರೂ ಇದಕ್ಕೆ ನೇರ ಉತ್ತರ ಸಿಗುವುದಿಲ್ಲ. "ಮಾಲಕರು ನೋಡ್ಕೋತಾರ್ರೀ" ಅನ್ನುತ್ತಾರೆ. ಹೌದು, ನೋಡಿಕೊಳ್ಳುವ ಮಾಲಕರಿದ್ದಾರೆ. ಮನೆಗೆ ಹೆಸರು ತಂದ ಎತ್ತನ್ನು ದನದ ಮನೆಯಲ್ಲಿ ಕಟ್ಟಿ, ಹಲ್ಲು ಸವೆದ ಮೇಲೆ ನುಚ್ಚು ಮಾಡಿ ಹಾಕಿ, ಕೊನೆಯ ತನಕ ಸಾಕುವವರು ಇದ್ದಾರೆ. ಅವರ ಹೆಸರು ಯಾವ ಬ್ಯಾನರಿನಲ್ಲೂ ಬರುವುದಿಲ್ಲ. ಆದರೆ ಎಲ್ಲರಿಗೂ ಹೊಲವಿಲ್ಲ, ಎಲ್ಲರಿಗೂ ಮೇವಿಲ್ಲ. ಸಾಲ ಮಾಡಿ ಕುದುರೆ ಕೊಂಡವನಿಗೆ ಓಡದ ಕುದುರೆ ಅಂದರೆ ದಿನದಿನದ ಖರ್ಚು. ಕಡಲೆ, ಹುರಳಿ, ಹಾಲು, ತತ್ತಿ ಎಂದು ಗೆಲ್ಲುವ ದಿನಗಳಲ್ಲಿ ಹಾಕಿದ್ದೇ ಹಾಕಿದ್ದು. ಗೆಲ್ಲುವುದು ನಿಂತ ಮೇಲೆ ಮೊದಲು ತತ್ತಿ ನಿಲ್ಲುತ್ತದೆ, ಆಮೇಲೆ ಹಾಲು. ಕೊನೆಗೆ ಒಂದು ಮುಂಜಾನೆ ಗಾಡಿ ಬಂದು ಸಂತೆಗೆ ಒಯ್ಯುತ್ತದೆ. ಕೊಂಡವನು ಎಲ್ಲಿಯವನು, ಯಾತಕ್ಕೆ ಕೊಂಡ, ಯಾರೂ ಕೇಳುವುದಿಲ್ಲ. ಅದರ ಓಟದ ವಿಡಿಯೋ ಮಾತ್ರ ಮೊಬೈಲುಗಳಲ್ಲಿ ಹಾಗೇ ಓಡುತ್ತಿರುತ್ತದೆ.

ಎತ್ತಿನ ವಿಷಯದಲ್ಲಿ ಇನ್ನೊಂದು ತೊಡಕು. 2020ರ ಗೋಹತ್ಯೆ ನಿಷೇಧ ಕಾಯ್ದೆ ಮುದಿ ಎತ್ತಿಗೂ ಕಸಾಯಿಖಾನೆಯ ಬಾಗಿಲು ಮುಚ್ಚಿತು. ಒಳ್ಳೆಯದೋ ಕೆಟ್ಟದ್ದೋ ಎಂದು ಜಗಳಾಡುವವರು ಜಗಳಾಡಲಿ. ಬಾಗಿಲು ಮುಚ್ಚಿದ ಮೇಲೆ ಮೇವು ಯಾರು ಹಾಕಬೇಕೆಂಬ ಪ್ರಶ್ನೆ ರೈತನ ಅಂಗಳದಲ್ಲೇ ಉಳಿಯಿತು.

ಇಷ್ಟು ಹೇಳಿದರೆ ಅಭಿಮಾನಿಗಳಿಗೆ ಸಿಟ್ಟು ಬರುತ್ತದೆ. "ಕುದರಿ ಇರೋದ ಓಡಾಕ" ಎಂದು ಬಾಯಿ ಮುಚ್ಚಿಸುತ್ತಾರೆ. ಅವರಿಗೆ ಒಂದು ಕುದುರೆಯ ಕಥೆ ಹೇಳಬೇಕು. ದೂರದ ಆಸ್ಟ್ರೇಲಿಯಾ ದೇಶದ್ದು. ಹೆಸರು ಬ್ಲ್ಯಾಕ್ ಕೇವಿಯರ್, ಹೆಣ್ಣು ಕುದುರೆ. ಹುಟ್ಟಿದ್ದು 2006ರ ಆಗಸ್ಟ್ 18. ಇನ್ನೂ ಮರಿಯಾಗಿದ್ದಾಗ 2 ಲಕ್ಷ 10 ಸಾವಿರ ಆಸ್ಟ್ರೇಲಿಯನ್ ಡಾಲರಿಗೆ ಹರಾಜಿನಲ್ಲಿ ಹೋಯಿತು. ಪಳಗಿಸಿದವನು ಪೀಟರ್ ಮೂಡಿ, ಹೆಚ್ಚಿನ ಓಟಗಳಲ್ಲಿ ಬೆನ್ನೇರಿದವನು ಲ್ಯೂಕ್ ನೋಲೆನ್. ಉದ್ದನೆಯ ಓಟದ ಕುದುರೆ ಅಲ್ಲ ಅದು. ಸಾವಿರದಿಂದ ಸಾವಿರದ ನಾನೂರು ಮೀಟರು, ಅಷ್ಟೇ. ಈ ಭಾಗದವರ ಭಾಷೆಯಲ್ಲಿ ಹೇಳಬೇಕೆಂದರೆ ಒಂದೇ ಉಸಿರಿನ ಕುದುರೆ.

2009ರ ಏಪ್ರಿಲ್‌ನಲ್ಲಿ ಮೊದಲ ಓಟ ಗೆದ್ದಿತು. ಎರಡನೆಯದೂ ಗೆದ್ದಿತು, ಮೂರನೆಯದೂ. ಹತ್ತಾಯಿತು, ಹದಿನೈದಾಯಿತು, ಸೋಲೆಂಬುದೇ ಇಲ್ಲ. ಇಡೀ ದೇಶಕ್ಕೆ ಹುಚ್ಚು ಹಿಡಿಯಿತು. ಸವಾರನ ಅಂಗಿಯ ಬಣ್ಣ ತಿಳಿ ಗುಲಾಬಿಗೆ ಕಪ್ಪು ಬೊಟ್ಟು. ಜನ ಅದೇ ಬಣ್ಣದ ಟೈ, ಟೋಪಿ, ಬಾವುಟ ತೊಟ್ಟು ಮೈದಾನಕ್ಕೆ ಬಂದರು. ಕುದುರೆ ಪಂದ್ಯದ ಕಡೆ ಎಂದೂ ತಲೆ ಹಾಕದ ಹೆಣ್ಣುಮಕ್ಕಳು, ಶಾಲೆಯ ಮಕ್ಕಳು ಕಾಯುತ್ತ ನಿಂತರು. ಅದು ಗೆಲ್ಲುತ್ತದೆಂದು ಎಲ್ಲರಿಗೂ ಗೊತ್ತಿದ್ದ ಮೇಲೆ ಅದರ ಮೇಲೆ ದುಡ್ಡು ಕಟ್ಟಿ ಸಿಗುವುದಾದರೂ ಏನು? ಪುಡಿಗಾಸು. ಆದರೂ ಚೀಟಿ ತೆಗೆದುಕೊಂಡರು, ಮನೆಯಲ್ಲಿ ನೆನಪಿಗೆ ಇಟ್ಟುಕೊಳ್ಳಲು. ದುಡ್ಡಿನಾಸೆ ಇಲ್ಲದೆ ಕುದುರೆಯನ್ನು ನೋಡುವುದಕ್ಕೇ ಜನ ಬಂದದ್ದು ಅಂಥ ಕಡೆ ಅಪರೂಪ.

2012ರ ಜೂನ್ 23ರಂದು ಇಂಗ್ಲೆಂಡಿನ ಆಸ್ಕಾಟ್ ಮೈದಾನಕ್ಕೆ ಅದನ್ನು ವಿಮಾನದಲ್ಲಿ ಒಯ್ದು ಓಡಿಸಿದರು. ಆ ಹೊತ್ತಿಗೆ ಇಪ್ಪತ್ತೊಂದು ಓಟ, ಇಪ್ಪತ್ತೊಂದೂ ಗೆಲುವು. ಮೆಲ್ಬರ್ನ್ ಊರಿನಲ್ಲಿ ಅಪರಾತ್ರಿ ಜನ ಚೌಕದಲ್ಲಿ ದೊಡ್ಡ ಪರದೆಯ ಮುಂದೆ ನಿಂತು ನೋಡಿದರು. ಕುದುರೆ ಮುಂದೆ ಇತ್ತು. ಗೆದ್ದಂತೆಯೇ ಎಂದು ಸವಾರ ಕೊನೆಯ ಕ್ಷಣ ಲಗಾಮು ಸಡಿಲಿಸಿದ. ಮೂನ್‌ಲೈಟ್ ಕ್ಲೌಡ್ ಎಂಬ ಇನ್ನೊಂದು ಕುದುರೆ ಮಗ್ಗುಲಿಗೆ ಬಂದುಬಿಟ್ಟಿತು. ಬ್ಲ್ಯಾಕ್ ಕೇವಿಯರ್ ಗೆದ್ದದ್ದು ಒಂದು ತಲೆಯ ಅಂತರದಲ್ಲಿ. ಆಮೇಲೆ ಪರೀಕ್ಷೆ ಮಾಡಿ ನೋಡಿದರೆ ಹಿಂಗಾಲಿನ ಮೇಲ್ಭಾಗದ ಮಾಂಸಖಂಡ ಹರಿದಿತ್ತು. ಹರಿದ ತೊಡೆಯಲ್ಲೇ ಅದು ಗೆದ್ದು ಕೊಟ್ಟಿತ್ತು.

ಮುಂದೆ ಏನಾಯಿತು ಎಂಬುದನ್ನು ಗಲಗಲಿ ಸುತ್ತಿನ ಕುದುರೆ ಮಾಲಕರು ಕಿವಿಗೊಟ್ಟು ಕೇಳಬೇಕು. ಮುಂದಿನ ವಾರ ಇನ್ನೊಂದು ಜಾತ್ರೆಗೆ ಒಯ್ಯಲಿಲ್ಲ. ಸುಮಾರು ಎಂಟು ತಿಂಗಳು ಒಂದೂ ಓಟವಿಲ್ಲ. 2013ರ ಫೆಬ್ರುವರಿಯಲ್ಲಿ ಮತ್ತೆ ಇಳಿಸಿದರು. ಮೂರು ಓಟ, ಮೂರೂ ಗೆಲುವು. ಒಟ್ಟು ಇಪ್ಪತ್ತೈದಕ್ಕೆ ಇಪ್ಪತ್ತೈದು. ಏಪ್ರಿಲ್ 13ರಂದು ಸಿಡ್ನಿಯ ರಾಂಡ್ವಿಕ್‌ನಲ್ಲಿ ಕೊನೆಯದು. ನಾಲ್ಕು ದಿನ ಬಿಟ್ಟು, ಸಾಕು ಅಂದರು.

ಸಾಕು ಎಂಬ ಆ ಒಂದು ಮಾತಿಗೆ ಎಷ್ಟು ಬೆಲೆ ಇತ್ತು ಎಂಬುದು ಅಂಗಡಿ ನಡೆಸುವವರಿಗೆ ಬೇಗ ತಿಳಿಯುತ್ತದೆ. ಗಲ್ಲಾ ತುಂಬುತ್ತಿರುವಾಗ ಯಾರಾದರೂ ಬಾಗಿಲು ಎಳೆಯುತ್ತಾರೆಯೇ? ಇನ್ನೊಂದು ಓಟ ಓಡಿಸಿದ್ದರೆ ಮೈದಾನ ತುಂಬುತ್ತಿತ್ತು, ಬಹುಮಾನ ಬರುತ್ತಿತ್ತು. ಅಭಿಮಾನಿಗಳೂ ಕಣ್ಣಲ್ಲಿ ನೀರು ತಂದುಕೊಂಡರು, ಆದರೆ ಬೈಯಲಿಲ್ಲ. ತಮ್ಮ ಕುದುರೆ ತಮ್ಮ ಕಣ್ಣ ಮುಂದೆ ಮುರಿದು ಬೀಳುವುದನ್ನು ನೋಡುವುದಕ್ಕಿಂತ ಅದನ್ನು ಇನ್ನು ನೋಡದೇ ಇರುವುದು ವಾಸಿ ಎಂದು ಒಪ್ಪಿಕೊಂಡರು. ಅದು ಬೆಳೆದ ನಾಗಾಂಬಿ ಎಂಬ ಸಣ್ಣ ಊರಿನಲ್ಲಿ ಕಂಚಿನ ಮೂರ್ತಿ ನಿಲ್ಲಿಸಿದರು, ಅದಿನ್ನೂ ಬದುಕಿರುವಾಗಲೇ.

ಬಿಳಿ ಜನ ಮಾಡಿದ್ದೆಲ್ಲ ಬಂಗಾರ ಅನ್ನುವುದಕ್ಕೆ ಈ ಮಾತಲ್ಲ. ಓಟ ನಿಲ್ಲಿಸಿದ ಮೇಲೆ ಆ ಕುದುರೆಯಿಂದ ಮರಿ ಮೇಲೆ ಮರಿ ಹಾಕಿಸಿದರು, ಅದೂ ಒಂದು ವ್ಯಾಪಾರವೇ. 2024ರ ಆಗಸ್ಟ್ 17ರಂದು, ಹದಿನೆಂಟು ತುಂಬಲು ಒಂದು ದಿನ ಇರುವಾಗ, ಮರಿ ಹಾಕಿದ ಮೇಲೆ ಗೊರಸಿನ ರೋಗದಿಂದ ನರಳುತ್ತಿದ್ದ ಅದನ್ನು ಡಾಕ್ಟರರೇ ಸೂಜಿ ಚುಚ್ಚಿ ಕಳಿಸಿಕೊಟ್ಟರು. ಅಷ್ಟೊಂದು ಮರಿ ಯಾಕೆ ಬೇಕಿತ್ತು ಎಂದು ಕೇಳುವುದು ನ್ಯಾಯವೇ. ಆದರೂ ಓಡುವ ಕಾಲ ಮುಗಿದ ಮೇಲೆ ಹನ್ನೊಂದು ವರ್ಷ ಅದು ಬದುಕಿತ್ತು, ಎಲ್ಲಿದೆ ಹೇಗಿದೆ ಎಂದು ಜನಕ್ಕೆ ಗೊತ್ತಿತ್ತು. ಈ ಭಾಗದಲ್ಲಿ ಐದು ವರ್ಷದ ಹಿಂದೆ ಗೆದ್ದ ಕುದುರೆ ಈಗೆಲ್ಲಿದೆ ಎಂದು ಯಾರನ್ನಾದರೂ ಕೇಳಿ ನೋಡ್ರಿ.

ಅಷ್ಟು ದೂರ ಯಾಕೆ? 2020ರ ಫೆಬ್ರುವರಿಯಲ್ಲಿ ದಕ್ಷಿಣ ಕನ್ನಡದ ಐಕಳ ಕಂಬಳದಲ್ಲಿ ಶ್ರೀನಿವಾಸ ಗೌಡ ಎಂಬ ಓಟಗಾರ 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಮುಟ್ಟಿದ. ಉಸೇನ್ ಬೋಲ್ಟ್‌ಗಿಂತ ಜೋರು ಎಂದು ದೇಶವೆಲ್ಲ ಕುಣಿಯಿತು, ದಿಲ್ಲಿಯ ಮಂತ್ರಿಗಳು ತರಬೇತಿಗೆ ಕರೆದರು. ಗೌಡ ಪಾಪ ಬುದ್ಧಿವಂತ, ಕೆಸರಿನ ಓಟವೇ ಬೇರೆ ಟ್ರ್ಯಾಕಿನ ಓಟವೇ ಬೇರೆ ಎಂದು ದೂರ ಉಳಿದ. ಆದರೆ ಅವನ ಮುಂದೆ ಆ ವೇಗದಲ್ಲಿ ಎಳೆದುಕೊಂಡು ಓಡಿದ ಎರಡು ಕೋಣಗಳಿದ್ದವಲ್ಲ, ಅವುಗಳ ಹೆಸರು ಕರಾವಳಿಯ ಆಚೆ ಎಷ್ಟು ಜನ ಕೇಳಿದರು? ಕರಾವಳಿಯವರಿಗೆ ಗೊತ್ತು, ಅವರು ಕೋಣಕ್ಕೆ ಹೆಸರಿಟ್ಟು, ಕೊಟ್ಟಿಗೆಗೆ ಫ್ಯಾನು ಹಾಕಿ ಸಾಕುತ್ತಾರೆ. ಉಳಿದ ದೇಶಕ್ಕೆ ಮನುಷ್ಯ ಕಂಡ, ಪ್ರಾಣಿ ಕಾಣಲಿಲ್ಲ.

ಗಲಗಲಿ ಹಾದಿಯಲ್ಲೂ ಹಾಗೆಯೇ ಆಗಿದೆ. ಕುದುರೆಯ ಬೆನ್ನು ಹತ್ತಿ ಹೋಗುವ ಮೋಟರ್ ಸೈಕಲ್ಲಿನ ಹುಡುಗರಿಗೆ ತಾವು ಕುದುರೆಗೆ ಹುರುಪು ತುಂಬುತ್ತಿದ್ದೇವೆ ಎಂಬ ನಂಬಿಕೆ. ಕುದುರೆಗೆ ಅದು ಹೇಗೆ ತಿಳಿಯಬೇಕು? ಕುದುರೆ ಹುಲ್ಲು ತಿನ್ನುವ ಪ್ರಾಣಿ. ಬೆನ್ನ ಹಿಂದೆ ಸಪ್ಪಳ ಆದರೆ ಓಡು ಎಂಬುದೇ ಅದರ ರಕ್ತದಲ್ಲಿ ಬಂದ ಪಾಠ. ನೂರು ಹಾರ್ನು ಹಿಂದೆ ಬಿದ್ದರೆ ಅದು ಗೆಲ್ಲುವುದಕ್ಕೆ ಓಡುವುದಿಲ್ಲ, ಜೀವ ಉಳಿಸಿಕೊಳ್ಳಲು ಓಡುತ್ತದೆ. ಅಭಿಮಾನಿಯೇ ಬೇಟೆಗಾರನಾದ ಹಾಗಾಯಿತು. ಜೊತೆಗೆ ಆ ದಂಡಿನಲ್ಲಿ ಒಂದು ಗಾಡಿ ಜಾರಿದರೆ ಹಿಂದಿನ ಹತ್ತು ಗಾಡಿ ಅದರ ಮೇಲೆ. ಕುದುರೆ ಬೆದರಿ ರಸ್ತೆ ಬಿಟ್ಟರೆ ಬದುವಿನ ಮೇಲೆ ನಿಂತ ಮಕ್ಕಳ ಗತಿ ಏನು?

ಕುದುರೆಯ ಕಾಲು ನೋಡಲು ಕಬ್ಬಿಣದ ಸಲಾಕೆಯಂತೆ ಕಾಣುತ್ತದೆ. ಮುಂಗಾಲಿನ ಮೊಣಕಾಲಿನಿಂದ ಕೆಳಗೆ ಅದಕ್ಕೆ ಮಾಂಸವೇ ಇಲ್ಲ. ಎಲುಬು, ಅದಕ್ಕೆ ಹಗ್ಗ ಬಿಗಿದಂತೆ ನರ, ತೊಗಲು, ಕೆಳಗೆ ಗೊರಸು. ನಾಗಾಲೋಟದಲ್ಲಿ ಒಂದೊಂದು ನೆಗೆತಕ್ಕೆ ಒಂದೊಂದೇ ಉಸಿರು, ನಡುವೆ ಬೇರೆ ಉಸಿರಿಗೆ ಜಾಗವಿಲ್ಲ. ಇಡೀ ಮೈಯ ಭಾರ ಒಂದೇ ಕಾಲಿನ ಮೇಲೆ ಬೀಳುವ ಗಳಿಗೆಯೂ ಅದರಲ್ಲಿ ಇದೆ. ಆಸ್ಕಾಟಿನಲ್ಲಿ ಕೆಳಗೆ ಹುಲ್ಲು ಇತ್ತು. ಇಲ್ಲಿ ಡಾಂಬರು ಇದೆ. ಲಾಳ ಹೊಡೆದ ಗೊರಸು ಡಾಂಬರಿಗೆ ಬಡಿಯುವ ಸಪ್ಪಳ ಕೇಳಲು ಚೆಂದ, ಆ ಪೆಟ್ಟು ನೆಟ್ಟಗೆ ಎಲುಬಿಗೆ ಹೋಗುತ್ತದೆ. ಇಂದು ಕಾಣುವುದಿಲ್ಲ, ಆರು ತಿಂಗಳಿಗೆ ಕಾಣುತ್ತದೆ. ಆಗ "ಯಾರೋ ಕಣ್ಣ ಹಚ್ಯಾರ" ಅಂತ ಕಾಲಿಗೆ ಕರಿದಾರ ಕಟ್ಟುತ್ತಾರೆ.

ಕಾಯ್ದೆ ಏನು ಹೇಳುತ್ತದೆ? 2014ರ ಮೇ 7ರಂದು ಸುಪ್ರೀಂ ಕೋರ್ಟು ಜಲ್ಲಿಕಟ್ಟು, ಎತ್ತಿನ ಗಾಡಿ ಓಟ ಎರಡನ್ನೂ ನಿಲ್ಲಿಸಿತು. 2017ರಲ್ಲಿ ಕರ್ನಾಟಕ ತಿದ್ದುಪಡಿ ತಂದು ಕಂಬಳಕ್ಕೂ ಎತ್ತಿನ ಓಟಕ್ಕೂ ದಾರಿ ಮಾಡಿತು. 2023ರ ಮೇ 18ರಂದು ಐವರು ನ್ಯಾಯಮೂರ್ತಿಗಳ ಪೀಠ ತಮಿಳುನಾಡು, ಕರ್ನಾಟಕ, ಮಹಾರಾಷ್ಟ್ರದ ತಿದ್ದುಪಡಿಗಳನ್ನು ಎತ್ತಿ ಹಿಡಿಯಿತು. ಅಂದು ಪಟಾಕಿ ಹಾರಿಸಿದವರು ಆದೇಶದ ಅರ್ಧವನ್ನಷ್ಟೇ ಓದಿದರು. ಪ್ರಾಣಿಗೆ ವಿನಾಕಾರಣ ನೋವು ಕೊಡದಂತೆ ನಡೆಸಬೇಕು ಎಂಬುದು ಉಳಿದರ್ಧ. ಕರ್ನಾಟಕದ ತಿದ್ದುಪಡಿಯಲ್ಲಿ ಹೆಸರು ಹೇಳಿರುವುದು ಕೋಣಕ್ಕೆ, ಎತ್ತಿಗೆ. ಕುದುರೆ ಗಾಡಿಯ ಮಾತು ಅದರಲ್ಲಿಲ್ಲ. ಇದನ್ನೂ ಕಮಿಟಿಯವರು ಒಮ್ಮೆ ವಕೀಲರ ಹತ್ತಿರ ಕೇಳಿಕೊಳ್ಳುವುದು ಒಳ್ಳೆಯದು.

ಇನ್ನು ದಂಡ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಲ್ಲಿ ಪ್ರಾಣಿಯನ್ನು ಹೊಡೆದು ಹಿಂಸಿಸಿದವನಿಗೆ ಮೊದಲ ಸಲಕ್ಕೆ ಬರೆದ ದಂಡ 10 ರೂಪಾಯಿಗೆ ಕಡಿಮೆ ಇಲ್ಲ, 50 ರೂಪಾಯಿಗೆ ಮೀರಿಲ್ಲ! ಬಸ್ ಸ್ಟ್ಯಾಂಡಿನ ಹೊಟೇಲಿನಲ್ಲಿ ಇಬ್ಬರು ಗಿರಮಿಟ್ಟು ಮಿರ್ಚಿ ತಿಂದು ಚಹಾ ಕುಡಿದರೆ ಅದಕ್ಕಿಂತ ಹೆಚ್ಚು ಬಿಲ್ಲಾಗುತ್ತದೆ. ಲಕ್ಷದ ಬಹುಮಾನದ ಮುಂದೆ ಐವತ್ತರ ದಂಡಕ್ಕೆ ಯಾರು ಹೆದರಿಯಾರು?

ಅದೇ ಕಾಯ್ದೆಯ ಕೆಳಗೆ 1965ರಲ್ಲಿ ಗಾಡಿ ಎಳೆಯುವ ಪ್ರಾಣಿಗಳಿಗಾಗಿ ನಿಯಮ ಮಾಡಿದ್ದಾರೆ. ಮೊಳೆ ಹೊಡೆದ ಕೋಲು ಬಳಸಬಾರದು. ಬಿಸಿಲು 37 ಡಿಗ್ರಿ ದಾಟುವ ಊರಿನಲ್ಲಿ ಮಧ್ಯಾಹ್ನ 12ರಿಂದ 3ರ ತನಕ ಗಾಡಿಗೆ ಕಟ್ಟಬಾರದು. ಬೇಸಿಗೆಯಲ್ಲಿ ಬೀಳಗಿ, ಜಮಖಂಡಿ, ಮುಧೋಳ ತಾಲೂಕಿನ ಬಿಸಿಲು ಎಷ್ಟಿರುತ್ತದೆಂದು ಹೇಳಬೇಕಾಗಿಲ್ಲ, ಅಂಗಡಿಯ ಮುಂದೆ ನೀರು ಹೊಡೆದರೆ ಅಲ್ಲೇ ಆರುತ್ತದೆ. ಆದರೂ ಮುಂಜಾನೆ ಒಂಬತ್ತಕ್ಕೆಂದು ಕರಪತ್ರದಲ್ಲಿ ಹಾಕಿದ ಶರ್ಯತ್ತು ಭಾಷಣ, ಸನ್ಮಾನ, ಪುಢಾರಿಗಳ ದಾರಿ ಕಾಯುವುದು ಎಲ್ಲ ಮುಗಿದು ಶುರುವಾಗುವುದು ಎಷ್ಟಕ್ಕೆ? ಹಾರ ಹಾಕಿಸಿಕೊಳ್ಳುವವರು ಶಾಮಿಯಾನದ ನೆರಳಲ್ಲಿ, ಓಡುವ ಪ್ರಾಣಿ ಬಿಸಿಲಲ್ಲಿ.

ಶರ್ಯತ್ತು ಬಂದ್ ಮಾಡಬೇಕೆಂದು ಇಲ್ಲಿ ಯಾರೂ ಹೇಳುತ್ತಿಲ್ಲ. ಶರ್ಯತ್ತಿನ ಪರವಾಗಿ ಹೇಳುವ ಮಾತಿನಲ್ಲಿ ಹುರುಳಿದೆ. ಟ್ರ್ಯಾಕ್ಟರು ಬಂದ ಮೇಲೆ ಎತ್ತು ಕಟ್ಟುವವರು ಕಡಿಮೆಯಾದರು. ಕೃಷ್ಣಾ ತಳಿಯ ಜೋಡಿ ನೋಡಬೇಕೆಂದರೆ ಹುಡುಕಿಕೊಂಡು ಹೋಗಬೇಕಾದ ಕಾಲ ಬಂತು. ಖಿಲಾರಿ ಇನ್ನೂ ಅಂಗಳದಲ್ಲಿ ಉಳಿದಿದ್ದರೆ ಅದಕ್ಕೆ ಶರ್ಯತ್ತೂ ಒಂದು ಕಾರಣ. ಓಟವಿಲ್ಲದಿದ್ದರೆ ಯಾವ ಹುಡುಗ ಈ ಕಾಲದಲ್ಲಿ ನಸುಕಿನಲ್ಲಿ ಎದ್ದು ಎತ್ತಿನ ಮೈ ತಿಕ್ಕುತ್ತಾನೆ? ವರ್ಷವಿಡೀ ಕಬ್ಬಿನ ಬಿಲ್ಲಿಗೆ ಕಾಯುವ ರೈತನಿಗೆ ತನ್ನ ಊರಿನ ಹೆಸರನ್ನು ಮೈಕಿನಲ್ಲಿ ಕೇಳುವ ಸುಖ ಬೇರೆಲ್ಲಿ ಸಿಗುತ್ತದೆ? ಅದನ್ನು ಕಸಿಯಬಾರದು.

ಆದರೆ ಅಭಿಮಾನಿ ಎಂದ ಮೇಲೆ ಅವನಿಗೂ ಒಂದು ಹೊಣೆ ಬೇಕು. ಸಂಬಂಧಪಟ್ಟ ಅಧಿಕಾರಿಗಳು ಗಮನ ಹರಿಸುವರೇ ಎಂದು ಬರೆದು ಮುಗಿಸುವುದು ಪತ್ರಿಕೆಗಳ ಹಳೆಯ ಚಟ. ಅಧಿಕಾರಿಗಳು ಅದೇ ಶಾಮಿಯಾನದಲ್ಲಿ ಹಾರ ಹಾಕಿಸಿಕೊಂಡು ಕುಳಿತಿರುವಾಗ ಯಾವ ಗಮನ? ಗಮನ ಹರಿಸಲು ಆಗುವುದು ಪಟ್ಟಿ ಕೊಡುವವರಿಗೆ.

ಜಾತ್ರೆಗೆ ಹದಿನೈದು ದಿನ ಇರುವಾಗ ರಸೀದಿ ಬುಕ್ಕು ಹಿಡಿದು ಕಮಿಟಿಯವರು ಅಂಗಡಿ ಅಂಗಡಿ ತಿರುಗುತ್ತಾರೆ. "ಸಾವ್ಕಾರ್ರ, ಈ ಸಲ ನಿಮ್ಮ ಹೆಸರ ಮ್ಯಾಲ ಹಾಕೇವ್ರಿ" ಅನ್ನುತ್ತಾರೆ. ಕಿರಾಣಿ ಅಂಗಡಿ 501, ಗೊಬ್ಬರದ ಅಂಗಡಿ 5001, ಬಂಗಾರದ ಅಂಗಡಿಯವರದು ಮೂರನೇ ಬಹುಮಾನವೇ. ಕರಪತ್ರದಲ್ಲಿ ಹೆಸರು ಬರುತ್ತದೆ. ಹೆಸರು ಬರುವವನಿಗೆ ಕೇಳುವ ಹಕ್ಕೂ ಬರುತ್ತದೆ. ರಸೀದಿ ಹರಿಯುವ ಮೊದಲು ಸಾವ್ಕಾರ್ರು ನಾಲ್ಕು ಮಾತು ಕೇಳಲಿ. ದನದ ಡಾಕ್ಟರರು ಬರುತ್ತಾರೋ ಇಲ್ಲವೋ? ಓಟ ಡಾಂಬರಿನ ಮೇಲೋ, ಹೊಲದ ಮಣ್ಣಿನ ಮೇಲೋ? ಕೋಲಿನ ತುದಿಯನ್ನು ಪಂಚರು ಮುಟ್ಟಿ ನೋಡುತ್ತಾರೋ? ಬೆನ್ನು ಹತ್ತುವ ಮೋಟರ್ ಸೈಕಲ್ಲುಗಳನ್ನು ಎಲ್ಲಿ ತಡೆಯುತ್ತೀರಿ? ಉತ್ತರ ಸರಿ ಬಂದರೆ 501ರ ಬದಲು 1001 ಕೊಡಲಿ. ಬಾರದಿದ್ದರೆ ಕೈ ಮುಗಿದು ಕಳಿಸಲಿ. ಒಂದು ಬಜಾರದಲ್ಲಿ ಹತ್ತು ಅಂಗಡಿ ಹೀಗೆ ಕೇಳಿದರೆ ಮುಂದಿನ ವರ್ಷದ ಕರಪತ್ರದ ಕೆಳಗೆ ನಿಯಮಗಳು ತಾವಾಗಿ ಅಚ್ಚಾಗುತ್ತವೆ.

ಇನ್ನೊಂದು ಮಾತೂ ಕೇಳಬಹುದು. ಕೂಡಿಸಿದ ಪಟ್ಟಿಯಲ್ಲಿ ಹತ್ತರಲ್ಲಿ ಒಂದು ಪಾಲನ್ನು ಓಟ ನಿಲ್ಲಿಸಿದ ಪ್ರಾಣಿಗಳ ಮೇವಿಗೆ ತೆಗೆದಿಡಲು ಏನು ಅಡ್ಡಿ? ಹಿಂದೆ ಗೆದ್ದ ಎತ್ತು, ಕುದುರೆಗಳನ್ನು ವರ್ಷಕ್ಕೊಮ್ಮೆ ಜಾತ್ರೆಗೆ ತಂದು, ಓಡಿಸದೆ, ಹೆಸರು ಹೇಳಿ ಗುಲಾಲು ಹಚ್ಚಿ, ಒಂದು ಚೀಲ ಹಿಂಡಿ ಕೊಟ್ಟು ಕಳಿಸಿದರೆ ಅದನ್ನು ನೋಡಲು ಜನ ಬರುವುದಿಲ್ಲವೇ? ಬರುತ್ತಾರೆ. ಹಾಗೆ ಕರೆಯುತ್ತಾರೆಂದು ಗೊತ್ತಾದರೆ ಸಂತೆಗೆ ಅಟ್ಟುವ ಮೊದಲು ಮಾಲಕನೂ ಒಂದು ಸಲ ಹಿಂದೆ ಮುಂದೆ ನೋಡುತ್ತಾನೆ. ಈ ವರ್ಷ ಅದು ಯಾಕೆ ಬಂದಿಲ್ಲ ಎಂದು ಮೈಕಿನಲ್ಲಿ ಕೇಳುವವರಿರುತ್ತಾರಲ್ಲ!

ಮೋಟರ್ ಸೈಕಲ್ಲಿನ ಹುಡುಗರಿಗೆ ಬೈದು ಉಪಯೋಗವಿಲ್ಲ. ಕುದುರೆಯ ಮೇಲಿನ ಪ್ರೀತಿಗೇ ಅವರು ಪೆಟ್ರೋಲು ಸುಡುತ್ತಿದ್ದಾರೆ. ಹೆಸರು, ವಂಶ, ಗೆಲುವು ಎಲ್ಲ ಬಾಯಿಪಾಠ ಮಾಡಿದ ಆ ಹುಡುಗರೇ ಕಾಲಿನ ಬಾವನ್ನೂ ಮೊದಲು ಗುರುತಿಸಬಲ್ಲರು. "ಮಾಲಕ್ರ, ಈ ವಾರ ಬ್ಯಾಡ್ರಿ, ಕಾಲ ಎಳ್ಯಾಕತ್ತೈತಿ" ಎಂದು ಅವರೇ ಹೇಳಿದರೆ ಮಾಲಕನೂ ಕೇಳುತ್ತಾನೆ. ಅಧಿಕಾರಿ ಹೇಳಿದರೆ ಲಂಚಕ್ಕೆ ಅನ್ನುತ್ತಾನೆ, ಸಂಘದವರು ಹೇಳಿದರೆ ಪಟ್ಟಣದವರ ಸೊಕ್ಕು ಅನ್ನುತ್ತಾನೆ. ತನ್ನ ಕುದುರೆಯ ಫೋಟೋ ಜೇಬಿನಲ್ಲಿ ಇಟ್ಟುಕೊಂಡು ತಿರುಗುವ ಹುಡುಗ ಹೇಳಿದರೆ ಏನಂದಾನು?

ಸಂಜೆ ಸಂತೆ ಮುಗಿಸಿದ ಮುದುಕಪ್ಪ ಅದೇ ಹಾದಿಯಲ್ಲಿ ತಿರುಗಿ ಬರುತ್ತಾನೆ. ಈಗ ಬಸ್ಸು ನಿಲ್ಲುವುದಿಲ್ಲ, ರಸ್ತೆ ಬಯಲಾಗಿರುತ್ತದೆ. ಜನ ಬಹುಮಾನದ ಕಟ್ಟೆಯ ಕಡೆ ಹೋಗಿರುತ್ತಾರೆ, ಮೈಕಿನ ಸದ್ದು ಮಾತ್ರ ಕೇಳುತ್ತದೆ. ರಸ್ತೆ ಬದಿಯ ಬೇವಿನ ಗಿಡಕ್ಕೆ ಒಂದು ಕುದುರೆ ಕಟ್ಟಿದೆ. ಕೊರಳಿಗೆ ಹಾರ, ಹಣೆಗೆ ಗುಲಾಲು. ಬಲಗಾಲಿನ ಗೊರಸನ್ನು ನೆಲಕ್ಕೆ ಪೂರ್ತಿ ಊರದೆ ನಿಂತಿದೆ. ಪಕ್ಕದಲ್ಲಿ ಹತ್ತು ವರ್ಷದ ಹುಡುಗ ಕೊಡಪಾನ ಹಿಡಿದು ಆ ಕಾಲಿಗೆ ನೀರು ಹಾಕುತ್ತಿದ್ದಾನೆ.

"ಅದು ಮುಂಜಾನಿ ಓಡಿದ್ದ ಕುದರಿ ಅಲ್ಲೇನೋ?" ಎಂದು ಮುದುಕಪ್ಪ ಹಿಂದೆ ತಿರುಗಿ ಕೇಳಿದರೆ ಕಾಲೇಜು ಹುಡುಗ ತಲೆ ಎತ್ತುವುದಿಲ್ಲ. ಮೊಬೈಲಿನಲ್ಲಿ ಅದೇ ಕುದುರೆ ಗೆದ್ದದ್ದನ್ನು ನಾಲ್ಕನೇ ಸಲ ನೋಡುತ್ತಿರುತ್ತಾನೆ.